ಗೋಡೆಯಾಚೆಗೆ ಹೋದ ರೊಟ್ಟಿಗಳು

ಅಮೆರಿಕದ ಟೊರೆನ್ಸಿನ ಆ ಮನೆಯಲ್ಲಿ ಯಾವುದನ್ನೂ ಇಸವಿ ಹಿಡಿದು ನೆನೆಯುವ ರೂಢಿ ಇರಲಿಲ್ಲ. ಮಗ ಅಮೋಘ ನಡೆಯಲು ಕಲಿತದ್ದು ಕಾರ್ಪೆಟ್ ಕಿತ್ತ ವರ್ಷ. ಮಗಳು ಶ್ರೇಯಾಗೆ ಕನ್ನಡಕ ಬಂದದ್ದು ಸೀಲಿಂಗ್ ಕೆರೆದ ವರ್ಷ. ಅತ್ತೆ ಪ್ರೇಮವ್ವ ಬಾದಾಮಿಯಿಂದ ಬಂದು ಆರು ತಿಂಗಳಿದ್ದು ಹೋದದ್ದು ಟೇಬಲ್ ತಂದ ವರ್ಷ. ಊಟದ ಕೋಣೆಯ ರಿಪೇರಿಯೇ ರಜನಿಯ ಸಂಸಾರಕ್ಕೆ ಪಂಚಾಂಗವಾಗಿತ್ತು.

ಶುರುವಾದದ್ದು ಲಾಕ್‌ಡೌನಿನಲ್ಲಿ, 2020ರ ಮೇ ತಿಂಗಳು. ಗಂಡ ಬಸವಪ್ರಸಾದ್ ಪಕ್ಕದ ಊರು ಎಲ್ ಸೆಗುಂಡೋದಲ್ಲಿ ಉಪಗ್ರಹ ಕಟ್ಟುವ ಇಂಜಿನಿಯರ್. "ಎರಡ ವೀಕೆಂಡ್ ಕೆಲಸ ನೋಡು" ಎಂದು ಚಾಕು ಹಿಡಿದು, ಅರವತ್ತು ವರ್ಷದ ಹಳೆಯ ಕಾರ್ಪೆಟ್ಟಿನ ಮೂಲೆ ಎತ್ತಿದ. ಆಮೇಲೆ ಅವನ ಮೂರು ಉಪಗ್ರಹಗಳು ಕಕ್ಷೆ ಸೇರಿದವು. ಊಟದ ಕೋಣೆ ಮಾತ್ರ ನೆಲ ಬಿಟ್ಟು ಮೇಲೇಳಲಿಲ್ಲ. ಕಾಂಟ್ರ್ಯಾಕ್ಟರನ್ನು ಕರೆಸೋಣ ಎಂದರೆ ಮುಖ ಊದಿಸಿಕೊಳ್ಳುತ್ತಿದ್ದ. ಅವನಿಗೆ ಭಾನುವಾರ ಬರಬೇಕು, ಬಂದ ಭಾನುವಾರ ಮಗಳನ್ನು ಓಟದ ಸ್ಪರ್ಧೆಗೆ ಬಿಡುವುದಿರಬಾರದು, ಮಗನಿಗೆ ಜ್ವರ ಇರಬಾರದು. ಮಕ್ಕಳಿರುವ ಮನೆಗೆ ಅಂಥ ಭಾನುವಾರ ವರ್ಷಕ್ಕೆ ನಾಲ್ಕು ಬಂದರೆ ಹೆಚ್ಚು.

ರಜನಿಗೆ ಹೊಸ ನೆಲ, ಹೊಸ ದೀಪ ಯಾವುದೂ ಬೇಕಿರಲಿಲ್ಲ. ಅವಳು ಕೇಳಿದ್ದು ಒಂದೇ: ಅಡುಗೆಮನೆಗೂ ಊಟದ ಕೋಣೆಗೂ ನಡುವಿನ ಗೋಡೆ ಹೋಗಬೇಕು.

ಅವಳು ರೊಟ್ಟಿ ಬಡಿಯುವವಳು. ಪ್ರೇಮವ್ವ ಕಲಿಸಿದ ಕ್ರಮ: ಉಣ್ಣುವವರು ಕೂತ ಮೇಲೆಯೇ ಹಂಚು ಇಡಬೇಕು, ಒಂದೊಂದಾಗಿ ಬಿಸಿಬಿಸಿ ಹಾಕಬೇಕು. ಡಬ್ಬಿಯ ಖಡಕ್ ರೊಟ್ಟಿ ಪ್ರವಾಸಕ್ಕೆ, ಮನೆಯವರ ತಾಟಿಗಲ್ಲ. ಹಾಗಾಗಿ ಹದಿನೆಂಟು ವರ್ಷದ ಸಂಸಾರದಲ್ಲಿ ರಜನಿ ಮನೆಯವರ ಜೊತೆ ಕೂತು ಉಂಡ ದಿನಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಗೋಡೆಯೀಚೆ ಹಿಟ್ಟು ತಟ್ಟುತ್ತ, "ಇನ್ನೊಂದ್ ಹಾಕ್ಲೇನ?" ಎಂದು ಕೂಗುವಳು. ಆಚೆಯಿಂದ ಹೂಂ ಬಂದರೆ ಓಡಿ ಹೋಗಿ ಹಾಕಿ, ಹಂಚಿನ ಮೇಲಿನದು ಸೀಯುವ ಮೊದಲು ಓಡಿ ಬರುವಳು. ಕೊನೆಗೆ ಒಲೆಯ ಪಕ್ಕ ನಿಂತೇ ತಾನು ತಿನ್ನುವಳು. ಗೋಡೆ ಹೋದರೆ ರೊಟ್ಟಿ ಬಡಿಯುತ್ತಲೇ ಮಕ್ಕಳ ಮುಖ ನೋಡಬಹುದು, ಅಷ್ಟೇ ಅವಳ ಆಸೆ.

ಟೇಬಲ್ ಬಂದದ್ದು ಸ್ಯಾನ್ ಡಿಯೇಗೋದಿಂದ. ಅಲ್ಲಿಯ ಸೋಮನಾಥ ಅಂಕಲ್ ಚಿಕ್ಕ ಮನೆಗೆ ಹೋಗುವವರಿದ್ದರು, ಆರು ಜನರ ತೇಗದ ಟೇಬಲ್ ಒಯ್ಯಿರಿ ಎಂದರು. ಬಾಡಿಗೆ ಟ್ರಕ್ಕಿನಲ್ಲಿ ಅಪ್ಪ, ಮಗಳು, ಹಿಂದೆ ಕಾರಿನಲ್ಲಿ ಉಳಿದವರು ಹೋದರು. ಬಸವಪ್ರಸಾದ್ ಮತ್ತು ಅಂಕಲ್ ಟೇಬಲ್ ಏರಿಸುವಾಗ ಆಂಟಿ ಊಟಕ್ಕೆ ಕರೆದರು. ಆಗ ಹದಿಮೂರರ ಶ್ರೇಯಾ, "ಐ ಏಟ್ ಇನ್ ದಿ ಟ್ರಕ್, ಆಂಟಿ" ಎಂದಳು. ಟ್ರಕ್ಕಿನಲ್ಲಿದ್ದ ಬುತ್ತಿ ಖಾಲಿಯಾಗಿತ್ತು. ರಜನಿ ಖುಷಿಪಟ್ಟಳು.

ಟೇಬಲ್ಲಿಗೆ ಆರು ಕುರ್ಚಿ. ಒಲೆಗೆ ಹತ್ತಿರದ್ದು ತನ್ನದೆಂದು ರಜನಿ ಹೇಳಿಟ್ಟಳು. ಅವಳು ಹೇಗೂ ಕೂರುವುದಿಲ್ಲವೆಂದು ಬಸವಪ್ರಸಾದ್ ಅದರ ಮೇಲೆ ಬಣ್ಣದ ಡಬ್ಬಿಗಳನ್ನಿಟ್ಟ.

ಮನೆ ತುಂಬ ಧೂಳು. ಗೋಡೆಗೆ ಹೊಡೆಯುವ ಜಿಪ್ಸಮ್ ಶೀಟ್ ಕೊಯ್ದ ಬಿಳಿ ಪುಡಿ ಮಂಚದಡಿ, ದೇವರ ಜಗಲಿ ಮೇಲಿನ ಲಿಂಗದ ಪೆಟ್ಟಿಗೆಯ ಮೇಲೆ, ಎಲ್ಲೆಲ್ಲೂ. ಬಟ್ಟೆ ಒಣಗಿಸುವ ಯಂತ್ರದ ಜಾಲರಿಯಲ್ಲೂ ಬಿಳಿಯ ಚೂರುಗಳು ಸಿಗುತ್ತಿದ್ದವು, ಅದರಲ್ಲೂ ಶ್ರೇಯಾಳ ಟೋಪಿಯಿರುವ ಹೂಡಿ ಅಂಗಿಗಳನ್ನು ಒಗೆದ ದಿನ. "ನಿಮ್ಮ ಗೋಡಿ ಪುಡಿ ಹುಡುಗಿ ಕಿಸೆದಾಗೂ ಬಂದದ ನೋಡ್ರಿ!" ಎಂದು ರಜನಿ ಗಂಡನನ್ನು ಜಾಡಿಸುತ್ತಿದ್ದಳು. ಅವನು ಸಾರಿ ಅನ್ನುತ್ತಿದ್ದ, ಪಾಪ. ಮಗಳು ಬಿಸಿಲಿನಲ್ಲೂ ದೊಗಳೆ ಹೂಡಿ ಬಿಡುವುದಿಲ್ಲ ಅಂದರೆ ಅದು ಈಗಿನ ಮಕ್ಕಳ ಫ್ಯಾಷನ್. ಸಣ್ಣಗಾಗಿದ್ದಾಳೆ ಅಂದರೆ ಅದು ಓಟ. ಎಲ್ಲದಕ್ಕೂ ರಜನಿಯ ಬಳಿ ಉತ್ತರವಿತ್ತು. ಕಚೇರಿಯಲ್ಲಿ ಅವಳ ಕೆಲಸವೇ ಸೂಕ್ಷ್ಮದರ್ಶಕದಡಿ ಸರ್ಕ್ಯೂಟ್ ಬೋರ್ಡುಗಳನ್ನಿಟ್ಟು ಕೂದಲೆಳೆಯಷ್ಟು ಬಿರುಕು ಹುಡುಕುವುದು. ಆ ಕಣ್ಣು ಮನೆಯಲ್ಲಿ ಏನು ಮಾಡುತ್ತಿತ್ತೋ!

ಗೋಡೆಯ ಸರದಿ ಬಂದದ್ದು ಎಲ್ಲಕ್ಕಿಂತ ಕೊನೆಗೆ. ಅದು ಮಾಳಿಗೆಯ ಭಾರ ಹೊತ್ತ ಗೋಡೆ, ಸುಮ್ಮನೆ ಕೆಡಹುವಂತಿಲ್ಲ ಎಂದು ಗೊತ್ತಾಯಿತು. ನಕ್ಷೆ ಬರೆಸಿ, ಪರ್ಮಿಟ್‌ಗೆ ಅಪ್ಲೈ ಮಾಡಿ, ತೊಲೆ ಕೂರಿಸುವವರನ್ನು ಕರೆಸುವಷ್ಟರಲ್ಲಿ 2025ರ ಏಪ್ರಿಲ್ ಬಂತು. ಗೋಡೆ ಹೋದ ಮರುದಿನ ಭಾನುವಾರ. ಅಂಚಿನಲ್ಲಿ ಗೋಡೆಯೊಳಗಿನ ಕಟ್ಟಿಗೆಗಳಿನ್ನೂ ಬೆತ್ತಲೆ ನಿಂತಿದ್ದವು. ರಜನಿ ಎಣ್ಣೆಗಾಯಿ ಮಾಡಿ, ಹಂಚಿಟ್ಟು, ತಲೆಯೆತ್ತಿ ನೋಡಿದಳು. ಮಟಮಟ ಮಧ್ಯಾಹ್ನದ ಬೆಳಕಿನಲ್ಲಿ ಟೇಬಲ್ ಎದುರಿಗೇ ಇತ್ತು. ಬಸವಪ್ರಸಾದ್ ತುತ್ತು ಬಾಯಲ್ಲಿಟ್ಟುಕೊಂಡೇ ತೊಲೆಯ ಮಟ್ಟ ಅಳೆಯುತ್ತಿದ್ದ. ಅಮೋಘ ಐಪ್ಯಾಡಿನಲ್ಲಿ ಮುಳುಗಿದ್ದ. ರಜನಿಯ ಎದೆ ತುಂಬಿ ಬಂತು.

ಆಮೇಲೆ ಅವಳು ಶ್ರೇಯಾಳನ್ನು ನೋಡಿದಳು.

ಶ್ರೇಯಾ ರೊಟ್ಟಿ ಮುರಿದಳು, ಎಣ್ಣೆಗಾಯಿಗೆ ಒತ್ತಿದಳು, ತುಟಿಯವರೆಗೆ ಒಯ್ದಳು. ಬಾಯಿ ಆಡಿಸಿದಳು. ಕೈ ಇಳಿಯಿತು, ಟೇಬಲ್ಲಿನ ಕೆಳಗೆ. ಮಡಿಲಲ್ಲಿ ಟಿಶ್ಯೂ. ಟಿಶ್ಯೂ ಹೂಡಿಯ ಕಿಸೆಗೆ ಹೋಯಿತು. ತಾಟು ಖಾಲಿ. ಎಷ್ಟು ಪಳಗಿದ ಕೈ ಅದು! ಒಂದು ತುತ್ತೂ ಹೊಟ್ಟೆಗೆ ಹೋಗಿರಲಿಲ್ಲ.

"ಇನ್ನೊಂದ್ ಹಾಕ್ಲೇನ?" ಎಂದು ರಜನಿಯ ಬಾಯಿ ತಾನಾಗಿಯೇ ಕೇಳಿಬಿಟ್ಟಿತು.

"ಹಾಫ್" ಎನ್ನುತ್ತ ಶ್ರೇಯಾ ರೂಢಿಯಂತೆ ಗೋಡೆಯ ಕಡೆ ತಿರುಗಿದಳು. ಗೋಡೆ ಇರಲಿಲ್ಲ. ತಾಯಿಯ ಕಣ್ಣಿತ್ತು.

ಹಂಚಿನ ಮೇಲೆ ರೊಟ್ಟಿ ಸೀಯತೊಡಗಿತು. ಒಣಗಿಸುವ ಯಂತ್ರದ ಜಾಲರಿ ರಜನಿಯ ಕಣ್ಣಮುಂದೆ ಬಂತು. ಅದು ಗೋಡೆಯ ಪುಡಿಯಾಗಿರಲಿಲ್ಲ, ಜೋಳದ ರೊಟ್ಟಿಯ ಚೂರು, ತಾನೇ ಬಡಿದದ್ದು. ಬೈಯುವುದಾದರೆ ಮಗಳ ಪಕ್ಕದಲ್ಲೇ ಕೂತು ಉಂಡವನನ್ನು ಬೈಯಬೇಕಿತ್ತು. ಅವಳು ಬೈದುಕೊಂಡದ್ದು ತನ್ನನ್ನೇ. ಕೂಗಬೇಕೆನಿಸಿತು, ಹುಡುಗಿಯನ್ನು ಹಿಡಿದು ಅಲುಗಾಡಿಸಬೇಕೆನಿಸಿತು. ಕೈಯಲ್ಲಿ ಹಿಟ್ಟು ಹಾಗೇ ಇತ್ತು.

ಅವಳು ಒಲೆ ಆರಿಸಿದಳು. ಸೀದ ರೊಟ್ಟಿಯನ್ನು ತಾಟಿಗೆ ಹಾಕಿಕೊಂಡು ಬಂದು, ತನ್ನ ಕುರ್ಚಿಯ ಮೇಲಿನ ಬಣ್ಣದ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿ ಕೂತಳು.

"ಯಾಕ, ಗ್ಯಾಸ್ ಹೋತೇನು?" ಎಂದ ಬಸವಪ್ರಸಾದ್.

ಶ್ರೇಯಾ ಕಿಸೆಯಿಂದ ಟಿಶ್ಯೂ ತೆಗೆದು ಟೇಬಲ್ ಮೇಲಿಟ್ಟಳು. "ಡೋಂಟ್ ಬಿ ಮ್ಯಾಡ್, ಅಮ್ಮಾ."

"ಯಾವಾಗಿಂದ?"

ಹುಡುಗಿ ತೇಗದ ಟೇಬಲ್ಲನ್ನೇ ನೋಡಿದಳು. "ದಿಸ್. ಸಿನ್ಸ್ ದಿಸ್ ಕೇಮ್."

ಮೂರು ವರ್ಷ. ಬಸವಪ್ರಸಾದ್ ಟಿಶ್ಯೂ ಬಿಚ್ಚಿ ನೋಡಿದ, ಮಗಳ ಮಣಿಕಟ್ಟನ್ನು ನೋಡಿದ. ಮುರಿದು ಬಿದ್ದವನಂತೆ ಕೈಯಲ್ಲಿ ತಲೆ ಹಿಡಿದುಕೊಂಡ.

ಮರುದಿನದಿಂದ ಡಾಕ್ಟರು, ಕೌನ್ಸೆಲರು, ಪ್ರತಿ ಗುರುವಾರ ತೂಕ ನೋಡುವುದು. ತೂಕ ಒಂದು ವಾರ ಏರುತ್ತದೆ, ಎರಡು ವಾರ ಇಳಿಯುತ್ತದೆ. ಓಟ ನಿಲ್ಲಿಸಿದ್ದಕ್ಕೆ ಶ್ರೇಯಾ ಹದಿನೈದು ದಿನ ತಾಯಿಯೊಡನೆ ಮಾತು ಬಿಟ್ಟಳು. ಬೆತ್ತಲೆ ಕಟ್ಟಿಗೆಗಳಿಗೆ ಬಸವಪ್ರಸಾದ್ ಇನ್ನೂ ಶೀಟ್ ಹೊಡೆದಿಲ್ಲ. ಸುತ್ತಿಗೆ ಕೈಗೆತ್ತಿಕೊಂಡರೂ ಮತ್ತೆ ಕೆಳಗಿಡುತ್ತಾನೆ.

ಈಗ ರಜನಿ ಎಲ್ಲ ರೊಟ್ಟಿಗಳನ್ನೂ ಮೊದಲೇ ಬಡಿದು, ಬಟ್ಟೆಯಲ್ಲಿ ಸುತ್ತಿ ಟೇಬಲ್ ಮೇಲಿಟ್ಟು, ಒಲೆ ಆರಿಸಿ ಎಲ್ಲರ ಜೊತೆ ಕೂರುತ್ತಾಳೆ. ವಿಡಿಯೋ ಕಾಲಿನಲ್ಲಿ ಪ್ರೇಮವ್ವ ನೋಡಿ, "ಆರಿದ್ದ ಹಾಕಾಕತ್ತೀಯೇನ?" ಎಂದು ಕೇಳಿದರು. "ಹೂಂ ಅತ್ತಿ, ಆರಿದ್ದ" ಎಂದಳು ರಜನಿ.

ಹೋದ ಭಾನುವಾರ ಶ್ರೇಯಾ ಅರ್ಧ ರೊಟ್ಟಿ ಹಾಕಿಕೊಂಡಳು. ರಜನಿಯೂ ಅರ್ಧ ಹಾಕಿಕೊಂಡಳು. ಹುಡುಗಿಯ ಕೈ ನೋಡಬಾರದೆಂದು ಕೌನ್ಸೆಲರ್ ಹೇಳಿದ್ದರು. ಅದಕ್ಕೆ ಅವಳು ಕಟ್ಟಿಗೆಗಳ ಮೊಳೆ ಎಣಿಸುತ್ತ ಕೂತಳು. ನಲವತ್ತು ನಿಮಿಷವಾಯಿತು. ಅಪ್ಪ, ಮಗ ಎದ್ದು ಕೈ ತೊಳೆದರು. "ಇನ್ನೊಂದ್ ಹಾಕ್ಲೇನ?" ಎಂಬ ಮಾತು ನಾಲಿಗೆಯ ತುದಿಗೆ ಬಂತು, ರಜನಿ ಅದನ್ನು ನೀರು ಕುಡಿದು ನುಂಗಿದಳು. ಮಗಳ ತಾಟಿನಲ್ಲಿ ಎರಡು ತುತ್ತು ಉಳಿದಿತ್ತು. ಸಾಕಾಗಿರಬೇಕು ಎಂದುಕೊಂಡು, ಹಳೆಯ ಚಾಳಿಯಲ್ಲಿ ತಾಟುಗಳನ್ನೆತ್ತಲು ಕುರ್ಚಿ ಹಿಂದೆ ಸರಿಸಿದಳು.

"ಸಿಟ್, ಅಮ್ಮಾ" ಎಂದಳು ಶ್ರೇಯಾ. "ಐ ಆಮ್ ನಾಟ್ ಡನ್."

ರಜನಿ ಕೂತಳು.