ರಾಣಿ ಮಲ್ಲಪ್ಪ

ಹೊಸ ಸೀರೆಯ ಮಡಿಕೆ ಬಿಡಿಸಿದಾಗ ಗಂಜಿಯ ಹುಳಿ ವಾಸನೆ ಏಳುತ್ತದಲ್ಲ, ಅದು ಮೂಗಿಗೆ ಬಂದರೆ ಸಾಕು, ಬನಹಟ್ಟಿಯ ನಮ್ಮ ಹಳೆಯ ಮನೆ ಕಣ್ಣೆದುರು ನಿಲ್ಲುತ್ತದೆ. ಪಡಸಾಲೆಯ ತುಂಬ ಮಗ್ಗಗಳು, ಮೂಲೆಯಲ್ಲಿ ರಾಟಿ ತಿರುಗಿಸುತ್ತ ಕಂಡಿಕೆಗೆ ನೂಲು ಸುತ್ತುವ ಅವ್ವ, ಹೊಸ್ತಿಲ ಬಳಿ ಕೂತು ಎಲೆ ಅಡಿಕೆ ಕುಟ್ಟುವ ಆಯಿ, ನಮ್ಮಪ್ಪನ ತಾಯಿ. ಆ ಮನೆ ಈಗಿಲ್ಲ. ಆ ಜನರೂ ಇಲ್ಲ. ಉಳಿದದ್ದು ನಾನು ಮತ್ತು ಅಂದಿನ ನನ್ನ ಹೊಟ್ಟೆಕಿಚ್ಚು. ಅದಕ್ಕಿನ್ನೂ ಮುಪ್ಪು ಬಂದಿಲ್ಲ.

ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸತು. ಅಮಾವಾಸ್ಯೆಗೆ ಮಗ್ಗಗಳು ನಿಲ್ಲುತ್ತಿದ್ದವು. ಅಂದು ನಮ್ಮ ಹಿತ್ತಲಲ್ಲಿ ಓಣಿಯ ಗಂಡಸರು ಬಯಲಾಟದ ತಾಲೀಮು ನಡೆಸುತ್ತಿದ್ದರು. ಆಟದಲ್ಲೊಬ್ಬ ರಾಣಿ. ರಾಜ ಅವಳನ್ನು ಕೇಳದೆ ಇನ್ನೊಬ್ಬಳನ್ನು ಕಟ್ಟಿಕೊಂಡು ಬಂದು, ಆರತಿ ಎತ್ತಿ ಒಳಗೆ ಕರೆದುಕೋ ಅನ್ನುತ್ತಾನೆ. ರಾಣಿ ಆರತಿಯ ತಾಟನ್ನು ಅವನ ಕಾಲ ಮುಂದಿಟ್ಟು, ತುಂಬಿದ ಸಭೆಗೆ ಬೆನ್ನು ತಿರುಗಿಸಿ ಹೊರಟುಬಿಡುತ್ತಾಳೆ. ಅವಳ ಮಾತು, ಹಾಡು ಎಲ್ಲ ನನಗೆ ಬಾಯಿಪಾಠ. ಆದರೆ ಪಾರ್ಟು ಸಿಕ್ಕಿದ್ದು ಕಾಕಾನ ಮಗ ಮಲ್ಲಪ್ಪನಿಗೆ. ನನಗಿಂತ ತುಸು ದೊಡ್ಡವನು, ಮೀಸೆ ಇನ್ನೂ ಮೂಡಿರಲಿಲ್ಲ. ರಾಣಿಯಾಗಲಿಕ್ಕೆ ಗಂಡಾಗಿ ಹುಟ್ಟಬೇಕಿತ್ತು ನೋಡಿ! ನಾನೂ ಮಾಡುತ್ತೇನೆ ಅಂದದ್ದಕ್ಕೆ ಆಯಿ ಕುಟ್ಟುವುದನ್ನು ನಿಲ್ಲಿಸಿ, "ಮಾನವಂತರ ಮನಿ ಹುಡಿಗಿ ಕುಣಿಯಾಕ ನಿಂತ್ರ ನಾಳಿ ನಿನ್ನ ಯಾರ ಮಾಡ್ಕೋತಾರ ಬೇ?" ಅಂದಳು. ನನಗೇ ಕೊಡುತ್ತೇನೆ ಅಂದಿದ್ದ ಬೆಳ್ಳಿಯ ಡಾಬನ್ನು ಪೆಟ್ಟಿಗೆಯಿಂದ ತೆಗೆದು, ಕೈಯಾರೆ ಅವನ ನಡುವಿಗೆ ಕಟ್ಟಿದಳು.

ಪಾರ್ಟು ಸಿಕ್ಕಿತು, ಆದರೆ ನಡಿಗೆ ಬರಬೇಕಲ್ಲ. ಸಭೆಗೆ ಬೆನ್ನು ತಿರುಗಿಸುವಲ್ಲಿ ಮಲ್ಲಪ್ಪ ಕವಾಯತಿನ ಪೊಲೀಸನಂತೆ ತಿರುಗುತ್ತಿದ್ದ. "ಆಕಿ ಸಿಟ್ಟು ಬೆನ್ನಾಗ ಕಾಣಬೇಕೋ ಲೇ!" ಎಂದು ಆಟ ಕಲಿಸುವ ಮಾಸ್ತರರು ಬೈಯುವಾಗ ನನಗೆ ಹಾಲು ಕುಡಿದಷ್ಟು ಸಂತೋಷ. ಒಂದು ಮಧ್ಯಾಹ್ನ ಹಸಿವೆಯಾಗಿ ತಾಟಿಗೆ ರೊಟ್ಟಿ ಹಾಕಿಕೊಂಡು ಕೂತಿದ್ದೆ. "ಏಳ, ಮೊದಲ ಅವಗ ಕೊಡ. ಗಂಡಹುಡುಗ, ಹಾಡಿ ದಣದ ಬಂದಾನ," ಅಂದಳು ಅವ್ವ. ಎದ್ದು ತಾಟನ್ನು ಮಲ್ಲಪ್ಪನ ಕಾಲ ಮುಂದಿಟ್ಟೆ. ಗದ್ದವನ್ನು ಹೆಗಲಿಗೆ ತಂದು, ಎಡ ಹಿಮ್ಮಡಿಯ ಮೇಲೆ ಮೆಲ್ಲಗೆ ತಿರುಗಿ, ಹಿಂದೆ ನೋಡದೆ ಹೊರನಡೆದೆ. ಅವ್ವ ಬೆನ್ನಟ್ಟಿ ಬಂದು ತೊಡೆ ಚಿವುಟಿದಳು: "ಹೆಣ್ಣಹುಡಿಗಿಗೆ ಇಷ್ಟ ಸೊಕ್ಕ ಇರಬಾರದು." ಮಲ್ಲಪ್ಪ ರೊಟ್ಟಿ ಮುರಿಯದೆ ನನ್ನನ್ನೇ ನೋಡುತ್ತಿದ್ದ.

ಆಟದ ದಿನ ರಾಣಿ ತಾಟು ಕೆಳಗಿಟ್ಟಳು. ಗದ್ದ ಹೆಗಲಿಗೆ ಬಂತು. ಎಡ ಹಿಮ್ಮಡಿ ಮೆಲ್ಲಗೆ ತಿರುಗಿತು. ನನ್ನದೇ ತಿರುವು! ಜನ ಸೀಟಿ ಹೊಡೆದರು, ರುಮಾಲು ಹಾರಿಸಿದರು. ನನ್ನ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಖರೆ ರಾಣಿನ ನೋಡ್ರಿ," ಎಂದು ಮಗ್ಗುಲಲ್ಲಿದ್ದವರಿಗೆ ಹೇಳಿದಳು. ಅವಳು ಚಿವುಟಿದ ಕಲೆ ಇನ್ನೂ ನನ್ನ ತೊಡೆಯ ಮೇಲೆ ಮಾಸಿರಲಿಲ್ಲ. ಆ ತಿರುವು ನಂದು ಎಂದು ಕೂಗಬೇಕೆನಿಸಿತು, ಕೇಳುವವರು ಯಾರು? ಮರುವರ್ಷ ನನ್ನನ್ನು ಮುಧೋಳಕ್ಕೆ ಕೊಟ್ಟರು. ಡಾಬು ಮಲ್ಲಪ್ಪನ ಹೆಂಡತಿಯ ನಡುವಿಗೆ ಹೋಯಿತು. ಅವನು ಸಾಯುವತನಕ ಊರಿನ ಬಾಯಲ್ಲಿ ರಾಣಿ ಮಲ್ಲಪ್ಪನಾಗಿ ಉಳಿದ.

ಅವನು ತೀರಿಕೊಂಡಾಗ ಮಾತಾಡಿಸಿಕೊಂಡು ಬರಲು ಹೋಗಿದ್ದೆ. ಮುಪ್ಪಿನಲ್ಲೂ ಮೊಮ್ಮಕ್ಕಳ ಮುಂದೆ ರಾಣಿಯಾಗಿ ತಿರುಗಿ ತೋರಿಸುತ್ತಿದ್ದನಂತೆ. ಕೂತ ಹೆಂಗಸರದೆಲ್ಲ ಅದೇ ಮಾತು: "ಹಂಗ ತಿರಗೂದು ಮತ್ತ ಯಾರಿಗೂ ಬರಲಿಲ್ಲ ಬಿಡ್ರಿ." ಅಳಲು ಬಂದವಳಿಗೆ ಅಳುವಿಗಿಂತ ಮೊದಲು ಉರಿ ಬಂತು. ಚಹಾದ ಬಸಿ ನೆಲಕ್ಕಿಟ್ಟು, ಎದ್ದು ಬಾಗಿಲ ಕಡೆ ತಿರುಗಿದೆ. ಅವನ ಸಣ್ಣ ಮೊಮ್ಮಗಳು ಚಪ್ಪಾಳೆ ತಟ್ಟಿ ಕೂಗಿದಳು: "ಯವ್ವಾ, ಈ ಆಯಿ ನೋಡ, ಥೇಟ್ ಅಜ್ಜನಂಗ ತಿರಗಿದ್ಲು!"

ಹೊಸ್ತಿಲಲ್ಲಿ ಅಳು ಒತ್ತರಿಸಿ ಬಂತು. ಆದರೂ ನಿಲ್ಲಲಿಲ್ಲ. ರಾಣಿ ಎಲ್ಲಿಯಾದರೂ ಹಿಂದೆ ನೋಡುತ್ತಾಳೆಯೇ?