ಮೆಣಸಿನಕಾಯಿ ಅಂಗಡಿಗೆ ಮಾಡಿದ ವೆಬ್‌ಸೈಟ್

ರಾಣೆಬೆನ್ನೂರಿನ ಕಂಪ್ಯೂಟರ್ ಕ್ಲಾಸಿನಲ್ಲಿ ವೆಬ್ ಡಿಸೈನ್ ಕಲಿತು ಮುಗಿಸಿದ ವರ್ಷವೇ ನನಗೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿತು. ಅಪ್ಪ ಬೇಡವೆನ್ನಲಿಲ್ಲ. "ಮೊದಲಿಗೆ ದೊಡ್ಡಪ್ಪನ ಅಂಗಡಿಗೆ ಒಂದ್ ವೆಬ್‌ಸೈಟ್ ಮಾಡಿಕೊಡು. ಅದು ಮುಗೀಲಿ, ಆಮ್ಯಾಲ ನೋಡೂಣು," ಅಂದರು. ಹುಬ್ಬಳ್ಳಿಯವರೂ ಒಂದು ತಿಂಗಳು ಕಾಯಲು ಒಪ್ಪಿದರು.

ಹದಿನೈದು ದಿನದ ಕೆಲಸವೆಂದುಕೊಂಡು ಬ್ಯಾಡಗಿಗೆ ಹೋದೆ. ದೊಡ್ಡಪ್ಪನದು ಮೆಣಸಿನಕಾಯಿ ದಲಾಲಿ ಅಂಗಡಿ. ಹಿಂದಿನ ಕೋಣೆಯಲ್ಲಿ ಚೀಲಗಳ ನಡುವೆ ಕಂಪ್ಯೂಟರ್ ಇಟ್ಟಿದ್ದರು. ಕಿಟಕಿ ತೆರೆದರೆ ಹೊರಗಿನ ಘಾಟು ಬರುತ್ತಿತ್ತು, ಫ್ಯಾನ್ ಹಾಕಿದರೆ ಒಳಗಿನ ಧೂಳು ಏಳುತ್ತಿತ್ತು. ಮೂಗಿಗೆ ಓಢಣಿ ಸುತ್ತಿಕೊಂಡು ಕೂತೆ. ಆಗ ಇಂಟರ್ನೆಟ್ ಫೋನ್ ಲೈನಿನಲ್ಲೇ ಬರುತ್ತಿತ್ತು; ಅದನ್ನು ಹಚ್ಚಿದರೆ ಅಂಗಡಿಯ ಫೋನ್ ಬಂದ್ ಆಗುತ್ತಿದ್ದುದರಿಂದ, ದೊಡ್ಡಪ್ಪ ಊಟಕ್ಕೆ ಹೋದ ಮುಕ್ಕಾಲು ತಾಸು ಮಾತ್ರ ಅದು ನನ್ನದು.

ವಾರದೊಳಗೆ ಮೊದಲ ಪುಟ ಸಿದ್ಧವಾಯಿತು. ಬಿಳಿ ಹಿನ್ನೆಲೆ, ಮೇಲೆ ಅಂಗಡಿಯ ಹೆಸರು, ಕೆಳಗೆ ಮೆಣಸಿನಕಾಯಿಯ ಎರಡು ಫೋಟೋ, ಪಕ್ಕದಲ್ಲಿ ದಪ್ಪಕ್ಷರದಲ್ಲಿ ಫೋನ್ ನಂಬರ್.

"ಇದೇನವ್ವಾ, ಇಷ್ಟ್ ಜಾಗಾ ಖಾಲಿ ಬಿಟ್ಟೀದಿ?" ಅಂದರು ದೊಡ್ಡಪ್ಪ.

"ಖಾಲಿ ಇದ್ರನ ಬೇಕಾದ್ದು ಲಗೂ ಕಣ್ಣಿಗೆ ಬೀಳತೈತ್ರಿ."

"ಅಂಗಡಿನ ಖಾಲಿ ಐತಿ ಅಂತ ತಿಳೀತಾರ. ತುಂಬು."

ತುಂಬಿದೆ. ಮನೆದೇವರ ಪಟ, ಅಜ್ಜನ ಫೋಟೋ, ಬಲದಿಂದ ಎಡಕ್ಕೆ ಓಡುವ ಸ್ವಾಗತದ ಸಾಲು, ತಿರುಗುವ ಮೆಣಸಿನಕಾಯಿ, ಪುಟ ತೆರೆದ ಕೂಡಲೇ ಊದುವ ಶಹನಾಯಿ. ಬಿಳಿಯ ಜಾಗದಲ್ಲಿ ಕೆಂಪು ಬಂತು, ಅದರ ಮೇಲೆ ಹಳದಿ ಅಕ್ಷರ. ಫೋನ್ ನಂಬರ್ ಸರಿಯುತ್ತಾ ಸರಿಯುತ್ತಾ ಕೆಳಗಿನ ಮೂಲೆ ಸೇರಿತು. ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ದೊಡ್ಡಪ್ಪನಿಗೆ ಮತ್ತೊಂದು ನೆನಪಾಗುತ್ತಿತ್ತು. ಎರಡು ತಿಂಗಳು ಕಳೆದವು. ಒಂದು ದಿನ ಗೋಡೆಯಾಚೆ ಅವರು ಫೋನಿನಲ್ಲಿ ಹೇಳುವುದು ಕೇಳಿಸಿತು: "ಇಲ್ರಿ, ಆಕೀದ ಇಲ್ಲೀ ಕೆಲಸ ಇನ್ನೂ ಮುಗದಿಲ್ಲ. ನೀವು ಬ್ಯಾರೆಯವರನ್ನ ನೋಡ್ಕೋರಿ." ಹುಬ್ಬಳ್ಳಿಯಿಂದ ಬಂದ ಫೋನ್. ನಾನು ಎದ್ದು ಹೋಗುವಷ್ಟರಲ್ಲಿ ಅವರು ಇಟ್ಟಾಗಿತ್ತು.

ಅಳು ಬರಲಿಲ್ಲ, ಸಿಟ್ಟು ಬಂತು. ಮರುದಿನ ದೊಡ್ಡವ್ವ ನನಗೆ ಬುತ್ತಿ ತಂದಾಗ ಅವರನ್ನು ಕಂಪ್ಯೂಟರ್ ಮುಂದೆ ಕೂಡಿಸಿದೆ. "ನೀವು ದೂರದ ಊರಿನ ವ್ಯಾಪಾರಸ್ಥರು ಅಂತ ತಿಳ್ಕೋರಿ. ಈ ಅಂಗಡಿಗೆ ಫೋನ್ ಹಚ್ಚಬೇಕು. ನಂಬರ್ ಎಲ್ಲೈತಿ ಹುಡುಕ್ರಿ."

ದೊಡ್ಡವ್ವ ಅಕ್ಷರ ಕೂಡಿಸಿ ಕೂಡಿಸಿ ಓದುವವರು. ಓಡುವ ಸಾಲನ್ನು ಬೆರಳಿನಿಂದ ಹಿಡಿಯಲು ನೋಡಿದರು. "ಓದೂದರಾಗ ಓಡಿ ಹೋಕ್ಕೈತಲ್ಲ ಇದು!" ಹಳದಿ ಅಕ್ಷರಕ್ಕೆ ಕಣ್ಣು ಕಿರಿದು ಮಾಡಿದರು, ಶಹನಾಯಿ ನಿಲ್ಲಿಸು ಅಂದರು. ಕೊನೆಗೆ, "ನಾನಾಗಿದ್ರ ಮಗ್ಗಲದ ಅಂಗಡಿಗೆ ಹೋಗತಿದ್ದೆ ನೋಡವ್ವಾ," ಅಂದುಬಿಟ್ಟರು.

ಬಾಗಿಲಲ್ಲಿ ದೊಡ್ಡಪ್ಪ ನಿಂತಿದ್ದರು. ಒಳಗೆ ಬಂದು ತಾವೇ ಕೂತು ಹುಡುಕಿದರು. ತಮ್ಮ ಅಂಗಡಿಯ ನಂಬರು ಅವರಿಗೂ ಸಿಗಲಿಲ್ಲ. "ತಗೀ ಎಲ್ಲಾ," ಅಂದರು. ಅಜ್ಜನ ಫೋಟೋ ಒಂದನ್ನು ಮಾತ್ರ ಉಳಿಸು ಎಂದು ಕೇಳಿದರು. ಅದಕ್ಕೊಂದು ಬೇರೆ ಪುಟ ಮಾಡಿದೆ.

ಕೆಲವು ವಾರಗಳಲ್ಲಿ ದೂರದ ಊರಿನಿಂದ ಫೋನುಗಳು ಬರತೊಡಗಿದವು. ಸುದ್ದಿ ಹಬ್ಬಿ, ಹಾವೇರಿಯ ಬಟ್ಟೆ ಅಂಗಡಿಯವರೊಬ್ಬರು ತಮಗೂ ಅಂಥದೇ ಬೇಕೆಂದು ಬಂದರು. ಅವರೆದುರು ದೊಡ್ಡಪ್ಪ ನನ್ನ ಬೆನ್ನು ತಟ್ಟಿದರು. "ಎಲ್ಲಾ ಇಲ್ಲೇ ಕುಂತು ಮಾಡತಾಳ್ರಿ. ಹುಬ್ಬಳ್ಳಿಗೆ ಯಾಕ ಹೋಗ್ಬೇಕು, ಹೇಳ್ರಿ?" ಅಪ್ಪನಿಗೂ ಆ ಮಾತು ಹಿಡಿಸಿತು. ಸಂಜೆಗೆ ಹೊಸ ಕುರ್ಚಿ ಬಂತು, ಚಕ್ರದ್ದು. ಅದನ್ನು ನೋಡಿದಾಗ ಹುಬ್ಬಳ್ಳಿಯ ಮಾತು ಇನ್ನು ಮುಗಿಯಿತೆಂದು ತಿಳಿಯಿತು.

ಅದೇ ಕೋಣೆಯಲ್ಲಿ ಮೂರು ವರ್ಷ ಕೂತೆ. ಕೆಲಸ ಇಷ್ಟವಾಗದೆ ಇದ್ದಿದ್ದರೆ ಜಗಳವಾಡಿಯಾದರೂ ಹುಬ್ಬಳ್ಳಿಯ ಬಸ್ ಹತ್ತುತ್ತಿದ್ದೆನೇನೋ. ಆದರೆ ಬಂದ ಪ್ರತಿಯೊಬ್ಬ ವ್ಯಾಪಾರಸ್ಥನಿಗೂ ನಾನೇ ಖುಷಿಯಿಂದ ಹೇಳುತ್ತಿದ್ದೆ: "ಮನ್ಯಾಗ ಎಲ್ಲಾರಕಿಂತ ಸಾವಕಾಶ ಓದೋರನ್ನ ಕರಕೊಂಡ ಬರ್ರಿ. ಮೊದಲ ಅವರಿಗೆ ತೋರಸೂಣು."