ಹೊಲಿಗೆ ಹಾಕಿದ ಹೊಟ್ಟೆಯ ಕಾವಲು

ಕಿಬ್ಬನಹಳ್ಳಿ ಸುತ್ತಿನ ಕೊಬ್ಬರಿ ಶೆಡ್ಡುಗಳಲ್ಲಿ ಚಿಕ್ಕಗೌರಮ್ಮನ ಕೈ ಅಂದರೆ ಹೆಸರಾದ ಕೈ. ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಮಚ್ಚಿನಲ್ಲಿ ನಾಲ್ಕು ಏಟು ಹಾಕಿದರೆ ಸಾಕು, ಚಿಪ್ಪು ಬಿಟ್ಟುಕೊಂಡು ಉಂಡೆ ಕೊಬ್ಬರಿ ಒಂದೂ ಗಾಯವಿಲ್ಲದೆ ಅಂಗೈಗೆ ಬರುತ್ತಿತ್ತು. ಮೂವತ್ತು ವರ್ಷದ ಆ ಕೆಲಸದಲ್ಲಿ ಅವಳು ಕಲಿತ ದೊಡ್ಡ ಪಾಠವೆಂದರೆ, ಅಟ್ಟಕ್ಕೆ ಹಾಕಿದ ಕಾಯನ್ನು ಹದವಾಗುವ ತನಕ ಕೆದಕಬಾರದು. ತಿಂಗಳುಗಟ್ಟಲೆ ಅಲ್ಲಾಡದೆ ಕೂತರೇ ಅದು ಕೊಬ್ಬರಿಯಾಗುವುದು, ನಡುವೆ ಕೈಯಾಡಿಸಿದರೆ ಕೆಡುತ್ತದೆ. ಕಾಯಿಯ ಮಟ್ಟಿಗೆ ಈ ಮಾತು ಸರಿ. ಆದರೆ ಮಹಾತಾಯಿ ಇದನ್ನು ಬಾಣಂತಿ ಸೊಸೆಯ ಮೇಲೂ ಪ್ರಯೋಗಿಸಿದಳು. ಎಡವಟ್ಟಾಗಿದ್ದು ಅಲ್ಲೇ.

ಸೊಸೆ ವನಜಾಕ್ಷಿಗೆ ತಾಯಿ ಇಲ್ಲ. ಇವಳನ್ನು ಹೆತ್ತ ವಾರಕ್ಕೇ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸೋಣವೆಂದರೆ ಅಲ್ಲಿದ್ದವರು ಅಪ್ಪ ಶಂಭುಲಿಂಗಯ್ಯ ಒಬ್ಬರೇ. "ನಾನಿದೀನಲ್ಲ ಬೀಗ್ರೇ, ನೀವು ಯೋಚ್ನೆ ಬುಡಿ" ಎಂದು ಚಿಕ್ಕಗೌರಮ್ಮ ಎದೆ ತಟ್ಟಿಕೊಂಡು ಹೊಣೆ ಹೊತ್ತಿದ್ದಳು. ಮಗು ಹೊಟ್ಟೆಯಲ್ಲಿ ಅಡ್ಡ ಮಲಗಿತ್ತು. ಸೋಮವಾರ ಬೆಳಿಗ್ಗೆ ತಿಪಟೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಹೆಣ್ಣು ಮಗು, ಮೂರು ಕೆಜಿ, ಗಂಟಲು ಮಾತ್ರ ಜೋರು. "ಅಜ್ಜಿದೇ ಗಂಟ್ಲು" ಎಂದು ಮಗ ಶಿವರಾಜು ನಕ್ಕ.

ಮೊಮ್ಮಗಳನ್ನು ನೋಡಿದ ಖುಷಿ ಸೊಸೆಯನ್ನು ನೋಡಿದಾಗ ಇಳಿದುಹೋಯಿತು. ಹುಡುಗಿ ಗಡಗಡ ನಡುಗುತ್ತಿದ್ದಳು. ಕಾಲು ಚಿವುಟಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿಗೆ ಹಾಗಾಗುತ್ತದೆ, ಸಂಜೆಯೊಳಗೆ ಸರಿಹೋಗುತ್ತದೆ ಎಂದು ನರ್ಸ್ ಪುಷ್ಪಲತಾ ಹೇಳಿದಳು. ಹೇಳಿದಂತೆ ಸಂಜೆಗೆ ಕಾಲಿನ ಹೆಬ್ಬೆರಳು ಅಲ್ಲಾಡಿತು. ಆದರೂ ಹೊಟ್ಟೆ ಕುಯ್ದಿದ್ದಾರೆ ಅನ್ನುವುದು ಅತ್ತೆಯ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಹೆಚ್ಚುಕಮ್ಮಿಯಾದರೆ ಆ ಬೀಗರ ಮುಂದೆ ಹೋಗಿ ಹೇಗೆ ನಿಲ್ಲುವುದು?

ಮಂಗಳವಾರ ಬೆಳಿಗ್ಗೆ ಮೂತ್ರದ ಪೈಪು ತೆಗೆದ ನರ್ಸು, "ಮೆಲ್ಲಗೆ ಎಬ್ಬಿಸಿ ನಡೆಸಿ" ಎಂದು ಹೇಳಿ ಹೋದಳು. ಚಿಕ್ಕಗೌರಮ್ಮ ತಲೆಯಾಡಿಸಿದಳು. ನರ್ಸು ಅತ್ತ ಹೋಗುತ್ತಲೇ, "ಅಲ್ಲಾಡ್ಬ್ಯಾಡ ಕಣವ್ವ, ಹೊಲಿಗೆ ಬಿಚ್ಕಂಡಾತು, ಅಂಗೇ ಮನಿಕ್ಕೊ" ಎಂದು ಹೊದಿಕೆ ಎಳೆದಳು. ಮಗುವನ್ನೂ ತಾನೇ ಎತ್ತಿ ಎದೆಗೆ ಕಚ್ಚಿಸಿ ಹಾಲು ಕುಡಿಸಿದಳು. ಮಧ್ಯಾಹ್ನ ನರ್ಸು ಬಂದು ಕೇಳಿದಾಗ, "ಓ, ನಡುದ್ಲು ಕಣವ್ವ, ಬಾಗ್ಲು ತಂಕ" ಎಂದು ಹಸಿಹಸಿ ಸುಳ್ಳು ಹೇಳಿದಳು. ಹೊಟ್ಟೆ ನೋಯುತ್ತಿದ್ದ ವನಜಾಕ್ಷಿಗೂ ಮಲಗಿರುವುದೇ ಹಿತವಾಗಿತ್ತು. ಅತ್ತೆ ಸೊಸೆ ಇಷ್ಟು ಒಮ್ಮತದಿಂದ ಇದ್ದದ್ದು ಅದೇ ಮೊದಲು.

ಬುಧವಾರ ಬೆಳಗಾಗುವಷ್ಟರಲ್ಲಿ ವನಜಾಕ್ಷಿಯ ಹೊಟ್ಟೆ ಬಿಗಿದು ತಮಟೆಯಾಗಿತ್ತು. ಎರಡು ಸಲ ವಾಂತಿಯಾಯಿತು. ಡಾಕ್ಟರಮ್ಮ ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. "ಗ್ಯಾಸ್ ಹೋಗಿಲ್ಲ. ಚೆನ್ನಾಗಿ ನಡೆಸಿ. ಸಂಜೆಯೊಳಗೆ ಹೋಗದಿದ್ರೆ ಮೂಗಿಂದ ಟ್ಯೂಬ್ ಹಾಕಿ ಸ್ಕ್ಯಾನ್ ಮಾಡ್ಬೇಕಾಗತ್ತೆ" ಎಂದು ಹೇಳಿ ಹೋದರು. ಮತ್ತೆ ಕುಯ್ಯುತ್ತಾರೆ ಎಂದೇ ಚಿಕ್ಕಗೌರಮ್ಮ ತಿಳಿದಳು. ನರ್ಸಿನ ಕೈ ಹಿಡಿದುಕೊಂಡು ಎಲ್ಲವನ್ನೂ ಒಪ್ಪಿಕೊಂಡಳು. "ನಾನು ಒಂದೆಜ್ಜೆನೂ ನಡೆಸಿಲ್ಲ ಕಣವ್ವ. ಅಲ್ಲಾಡುದ್ರೆ ಒಳಗೆ ಕೆಟ್ಟೋಯ್ತದೆ ಅನ್ಕಂಡಿದ್ದೆ."

ಪುಷ್ಪಲತಾಗೆ ಸಿಟ್ಟು ಬಂತು, ಆದರೆ ಮುದುಕಿಯ ಮುಖ ನೋಡಿ ನುಂಗಿಕೊಂಡಳು. "ಕೇಳಿಲ್ಲಿ ಅಮ್ಮ. ಆಪರೇಷನ್ನಲ್ಲಿ ಕುಯ್ಯೋದು ಮೊದ್ಲು ಚರ್ಮ, ಅದ್ರ ಕೆಳಗೆ ಕೊಬ್ಬು, ಆಮೇಲೆ ಒಂದು ಗಟ್ಟಿ ಪೊರೆ. ಅದ್ರ ಹಿಂದಿನ ಮಾಂಸಖಂಡನ ಕುಯ್ಯಲ್ಲ, ಎರಡು ಕಡೆಗೆ ಸರಿಸ್ತಾರೆ ಅಷ್ಟೆ. ಆಮೇಲೆ ಇನ್ನೊಂದು ತೆಳು ಪೊರೆ, ಕೊನೆಗೆ ಗರ್ಭಕೋಶ. ಮಗುನೂ ಮಾಸುನೂ ತೆಗೆದು ಒಳಗಿಂದ ಗಟ್ಟಿಯಾಗಿ ಹೊಲ್ಕೊಂಡು ಬರ್ತಾರೆ. ನಡೆದ್ರೆ ಬಿಚ್ಚೋ ಹೊಲಿಗೆ ಅಲ್ಲ ಅದು. ಹೊಟ್ಟೆಗೆ ಕೈ ಹಾಕಿದ್ರಲ್ಲ, ಆ ಗಾಬರಿಗೆ ಕರುಳು ಮಂಕಾಗಿ ಮಲಗಿಬಿಡ್ತದೆ. ಮೈ ಓಡಾಡಿದ್ರೆ ಅದೂ ಏಳ್ತದೆ. ಮಲಗೇ ಇದ್ರೆ ಕಾಲಲ್ಲಿ ರಕ್ತನೂ ಹೆಪ್ಪುಗಟ್ಟಬಹುದು."

ತಪ್ಪು ಗೊತ್ತಾದ ಮೇಲೆ ಚಿಕ್ಕಗೌರಮ್ಮ ಒಂದು ಗಳಿಗೆಯೂ ಸುಮ್ಮನಿರುವವಳಲ್ಲ. ಸೊಸೆಯನ್ನು ಮಗ್ಗುಲಿಗೆ ಹೊರಳಿಸಿ, ಕಾಲು ಇಳಿಬಿಟ್ಟು, ಎಬ್ಬಿಸಿದಳು. ವನಜಾಕ್ಷಿ ಹೊಲಿಗೆಯ ಮೇಲೆ ದಿಂಬು ಒತ್ತಿಕೊಂಡು, ಹಲ್ಲು ಕಚ್ಚಿಕೊಂಡು, ಬೆನ್ನು ಬಾಗಿಸಿ ನಡೆದಳು. ಮೊದಲ ಸಲ ಕಿಟಕಿಯ ತನಕ. ಆಮೇಲೆ ಬಾಗಿಲ ತನಕ. "ಅತ್ತೆ, ಸಾಕು ಅತ್ತೆ" ಎಂದು ಅತ್ತಳು. "ಇನ್ನೊಂದ್ ಸುತ್ತು ಕಣವ್ವ, ನನ್ ಚಿನ್ನ" ಎಂದು ಅತ್ತೆಯೂ ಅತ್ತಳು. ಎದುರು ಮಂಚದ ಬಾಣಂತಿ, ಅವಳ ತಾಯಿ, ಕಸ ಗುಡಿಸುವವಳು, ಎಲ್ಲರೂ ನಾಚಿಕೆ ಬಿಟ್ಟು "ಹೋಯ್ತಾ? ಹೋಯ್ತಾ?" ಎಂದು ಕೇಳತೊಡಗಿದರು.

ನಾಲ್ಕು ಗಂಟೆಗೆ, ಐದನೆಯ ಸುತ್ತಿನಲ್ಲಿ, ಕಾರಿಡಾರಿನ ನಟ್ಟನಡುವೆ ಹೋಯಿತು. ಸಣ್ಣಗೇನಲ್ಲ, ವಾರ್ಡಿಗೆಲ್ಲ ಕೇಳುವಂತೆ. ವನಜಾಕ್ಷಿ ನಾಚಿ ಗೋಡೆಗೆ ಮುಖ ಮಾಡಿದಳು. "ಬರ್ಕಳವ್ವ, ನಾನೇ ಸಾಕ್ಷಿ!" ಎಂದು ಚಿಕ್ಕಗೌರಮ್ಮ ನರ್ಸಿನ ಕಡೆಗೆ ಕೂಗಿದಳು. ನಗು ತಡೆಯಲಾಗದೆ, ನಕ್ಕರೆ ಹೊಲಿಗೆ ಎಳೆದು, ಹುಡುಗಿ ದಿಂಬು ಅವುಚಿಕೊಂಡು "ಅಯ್ಯೋ ಅತ್ತೆ" ಎನ್ನುತ್ತಿದ್ದಳು. ಡಾಕ್ಟರಮ್ಮ ಬಂದು ಹೊಟ್ಟೆ ಮುಟ್ಟಿ ನೋಡಿ, ಇನ್ನು ಟ್ಯೂಬು ಬೇಡ, ಸ್ವಲ್ಪ ಸ್ವಲ್ಪ ಗಂಜಿ ಕೊಡಿ ಎಂದರು. ಎರಡು ದಿನದಿಂದ ಎದೆಯ ಮೇಲಿದ್ದ ಭಾರ ಆಗ ಇಳಿಯಿತು. ಚಿಕ್ಕಗೌರಮ್ಮ ನೆಲದ ಮೇಲೇ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಆಮೇಲೆ ಬೀಗರಿಗೆ ಫೋನ್ ಮಾಡಿದಳು. ಹೊಟ್ಟೆ ಬಿಗಿದ ಸುದ್ದಿ ಬೆಳಿಗ್ಗೆಯೇ ಶಿವರಾಜುವಿನಿಂದ ಅವರಿಗೆ ಮುಟ್ಟಿತ್ತು. ಅವಳು ಹೇಳಿದ್ದು ಬೀಗರ ಹತ್ತಿರ ಬೀಗಿತ್ತಿ ಆಡುವ ಮಾತೇ ಅಲ್ಲ. ಆದರೆ ಆ ಹೊತ್ತಿಗೆ ಅವಳಿಗೆ ಬೇರೆ ಮಾತು ಸಿಗಲಿಲ್ಲ. "ಬೀಗ್ರೇ, ನಿಮ್ ಮಗ್ಳು ಹೂಸು ಬುಟ್ಲು ಕಣ್ರೀ!"

ಆ ಕಡೆಯಿಂದ ಗಂಡಸೊಬ್ಬ ಬಿಕ್ಕುವುದು ಕೇಳಿಸಿತು. "ನಾಳೆ ಬತ್ತೀನಿ ಕಣವ್ವ, ಮಗೀನ ನೋಡಾಕೆ" ಎಂದರು ಶಂಭುಲಿಂಗಯ್ಯ. ಹೆಂಡತಿ ಹೋದ ಮೇಲೆ, ಇಪ್ಪತ್ತನಾಲ್ಕು ವರ್ಷದಲ್ಲಿ, ಆ ಮನುಷ್ಯ ಒಂದು ದಿನವೂ ಆಸ್ಪತ್ರೆಯ ಮೆಟ್ಟಿಲು ಹತ್ತಿರಲಿಲ್ಲ.